ಮುಂದಿನ ಕೋಣೆ

ಹಡಗುಕಟ್ಟೆಯಲ್ಲಿ ನಕ್ಷೆ ಬಿಡಿಸಿ ನಿಂತಿದ್ದೀರಿ ಗಂಡ ಹೆಂಡತಿ,
ಗಾಳಿ ಅದನ್ನು ಮಡಿಸಿ ಮಡಿಸಿ ವಾಪಸು ಕೊಡುತ್ತಿದೆ.
ಕೊಡಿ ಇಲ್ಲಿ, ಈ ತುದಿ ನಾನು ಹಿಡಿದುಕೊಳ್ಳುತ್ತೇನೆ.
ಅಯಾಂತಿ ಕ್ವಾಶಿ ನನ್ನ ಹೆಸರು.
ಹೌದು, ನಾನೂ ಕೋಣೆ ಬಾಡಿಗೆಗೆ ಕೊಡುವವಳೇ.
ಅದಕ್ಕೇ ಮೊದಲು ಬೇರೆಯವರದ್ದು ಹೇಳಿಬಿಡುತ್ತೇನೆ.

ಈ ಕಡೆ, ಗಾಳಿಗೆ ಬೆನ್ನು ಹಾಕಿದ ಕಡೆ,
ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ.
ದೊಡ್ಡ ಹೋಟೆಲು ಇರುವುದು ಅಲ್ಲೇ.
ಕೈಗೊಂದು ಹಳದಿ ಪಟ್ಟಿ ಕಟ್ಟುತ್ತಾರೆ,
ಆಮೇಲೆ ಊಟ, ರಮ್ಮು, ಕೊಡೆ, ಕುರ್ಚಿ ಎಲ್ಲ ಪುಕ್ಕಟೆ,
ಅಂದರೆ ಮೊದಲೇ ಕಿತ್ತುಕೊಂಡಿರುತ್ತಾರೆ.
ನನ್ನ ತಂಗಿಯ ಮಗಳು ಅಲ್ಲಿ
ಟವೆಲನ್ನು ಹಂಸದ ಹಾಗೆ ಮಡಿಸಿಡುತ್ತಾಳೆ,
ದಿನಕ್ಕೆ ನಲವತ್ತು ಹಂಸ.
ಹಂಸವನ್ನು ಕಂಡವಳಲ್ಲ ಅವಳು.

ಆ ಕಡೆ, ಗಾಳಿಗೆ ಎದೆ ಕೊಟ್ಟ ಕಡೆ, ಬಾಡಿಗೆ ಅರ್ಧ.
ಚಿತ್ರದಲ್ಲಿ ಬಲು ಚೆಂದ. ಆದರೆ ಈ ತಿಂಗಳು
ಕಂದು ಪಾಚಿ ಬಂದು ಮಂಡಿಯುದ್ದ ಬಿದ್ದಿದೆ ದಡದ ತುಂಬ,
ಕೊಳೆತ ಮೊಟ್ಟೆಯ ನಾತ,
ಬೆಳ್ಳಿ ಬಳೆ ಕೂಡ ಕಪ್ಪಿಟ್ಟೀತು.
ಚಿತ್ರಕ್ಕೆ ಮೂಗಿಲ್ಲ ನೋಡಿ.

ಬೆಟ್ಟದ ಮೇಲೆ ಎವರಾರ್ಡನ ಮರದ ಮನೆ.
ಕಿಟಕಿಯಲ್ಲಿ ಮೋಡ ಬರುತ್ತದೆ, ಬಾಗಿಲಲ್ಲಿ ಎವರಾರ್ಡ್ ಬರುತ್ತಾನೆ,
ಮೋಡ ಹೋಗುತ್ತದೆ.

ಇನ್ನು ನನ್ನದು. ಬೇಡ ನಿಮಗೆ.
ಇಗರ್ಜಿಯ ಹಿಂದಿನ ಏರು, ಕಾರು ಅರ್ಧಕ್ಕೇ ನಿಲ್ಲುತ್ತದೆ.
ಗಡಿಯಾರದ ಗೊಡವೆಯಿಲ್ಲದ ಹುಂಜ ಒಂದಿದೆ.
ಪಕ್ಕದವನು ದೋಣಿ ಕಟ್ಟುತ್ತಿದ್ದಾನೆ ಆರು ವರ್ಷದಿಂದ,
ಇನ್ನೂ ಮೊಳೆ ಹೊಡೆಯುತ್ತಲೇ ಇದ್ದಾನೆ.
ನಮ್ಮಲ್ಲಿ ಹೊಳೆಯಿಲ್ಲ, ಬಾವಿ ಉಪ್ಪು.
ಮಾಡಿನ ಮೇಲೆ ಬಿದ್ದ ಮಳೆ ತೊಟ್ಟಿಗಿಳಿದರೆ ಅದೇ ನೀರು.
ಬಿಸಿನೀರಾ? ಕೇಳಿಯೇಬಿಟ್ಟಿರಿ.
ಪೈಪು ಬಿಸಿಲಲ್ಲಿ ಮಲಗಿರುತ್ತದೆ,
ಮಧ್ಯಾಹ್ನ ಮೂರಕ್ಕೆ ಸ್ನಾನ ಮಾಡುವವರಿಗೆ ಬಿಸಿ.
ಬೆಳಿಗ್ಗೆ ಜೀಗುಜ್ಜೆ ಹುರಿದು ಕೊಡುತ್ತೇನೆ, ಉಪ್ಪುಮೀನು,
ಕಾಲವಾದರೆ ಹಸಿ ತೊಗರಿ, ಕ್ರಿಸ್‌ಮಸ್‌ ಹೊತ್ತಿಗೆ
ಪುಂಡಿಹೂವಿನ ಕೆಂಪು ಪಾನಕ.

ಇನ್ನೊಂದು ಮಾತು. ಆ ಬಿರುಗಾಳಿಗೆ
ನಮ್ಮ ತಗಡು ಹಾರಿಹೋಯಿತು, ಯಾರ ಕಡಲಿಗೋ.
ಹೊಸ ತಗಡು ಮುಂದಿನ ಕೋಣೆಗೆ ಮಾತ್ರ ಸಾಕಾಯಿತು.
ಹಿಂದಿನ ಕೋಣೆಗೆ, ನಾನು ಮಲಗುವಲ್ಲಿಗೆ,
ನೀಲಿ ಟಾರ್ಪಾಲು.
ಅತಿಥಿ ಬಂದರೆ ತಾನೆ ಮಿಕ್ಕ ತಗಡು?

ಅವರು ಒಬ್ಬರ ಮುಖ ಒಬ್ಬರು ನೋಡಿದರು.
ತುಂಬ ಉಪಕಾರವಾಯಿತು ಎಂದರು.
ಆಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು,
ಆಮೇಲೆ ಇಬ್ಬರೂ ಹಳದಿ ಫಲಕದ ವ್ಯಾನು ಹತ್ತಿದರು.
ನಕ್ಷೆ ನನ್ನ ಹತ್ತಿರವೇ ಉಳಿಯಿತು.

ಅವತ್ತು ರಾತ್ರಿ, ಯಾಕೋ,
ಮುಂದಿನ ಕೋಣೆಯ ಬೀಗ ತೆಗೆದೆ.
ಚಪ್ಪಲಿ ಹೊರಗೆ ಬಿಟ್ಟೆ, ನನ್ನ ಮನೆಯಲ್ಲೇ.
ಬಿಳಿ ಹೊದಿಕೆಯ ಒಂದು ಮೂಲೆ ಮಾತ್ರ ಎತ್ತಿ
ಒಳಗೆ ಸರಿದೆ, ಕದ್ದವಳ ಹಾಗೆ.

ನಲ್ಲಿ ತೊಟ್ಟಿಕ್ಕುತ್ತದೆ.
ಪರದೆಯ ಕೊಂಡಿ ಮುರಿದಿದೆ, ಚಂದ್ರ ನೇರ ಕಣ್ಣಿಗೇ.
ದಿಂಬು ಕಲ್ಲು. ಒಬ್ಬರಾದರೂ ಹೇಳಬಾರದೆ!
ಆಮೇಲೆ ಕಡಲು.
ಹಿಂದಿನ ಕೋಣೆಗೆ ಟಾರ್ಪಾಲಿನ ಪಟಪಟವಷ್ಟೇ ಕೇಳುವುದು.
ಇಲ್ಲಿ ಅದು ದಡದವರೆಗೆ ಬಂದು, ಏನೋ ಮರೆತವರ ಹಾಗೆ
ಹಿಂದೆ ಹೋಗಿ, ಮತ್ತೆ ಬಂದು.
ಹನ್ನೊಂದು ವರ್ಷ ಮಾರಿದ್ದೇನೆ ಈ ಸದ್ದನ್ನು,
ರಾತ್ರಿಗಿಷ್ಟು ಎಂದು.

ಬೆಳಿಗ್ಗೆ ಅತಿಥಿಗಳ ಪುಸ್ತಕ ತೆಗೆದು ಬರೆದೆ.
ಹೆಸರು: ಎ. ಕ್ವಾಶಿ.
ಎಲ್ಲಿಂದ ಬಂದದ್ದು: ಹಿಂದಿನ ಕೋಣೆಯಿಂದ.
ಅಭಿಪ್ರಾಯ: ನಲ್ಲಿ. ಕೊಂಡಿ. ದಿಂಬು.
ಮನೆಯಾಕೆಗೆ ಮಾತು ಜಾಸ್ತಿ.

ಹತ್ತರ ಹಡಗು ಕೂಗಿತು.
ಒಂದೇ ರಾತ್ರಿ ಮಲಗಿದ ಹೊದಿಕೆ,
ಒಗೆಯಲೋ ಬೇಡವೋ ಎಂದು
ತೊಟ್ಟಿಯೊಳಗೆ ಬಗ್ಗಿ ನೋಡಿದೆ.